ಕಂಬದ ಮೇಲಿನ ಕಾಗೆ

"ಅದು ಕಾಗೆ ಕಣಮ್ಮ," ಅಂದರು ಕೆದಕಮ್ಮ. "ಎಷ್ಟು ಸಲ ನೋಡಿದ್ರೂ ಕಾಗೇನೇ."

"ಇನ್ನೊಂದೇ ಒಂದ್ಸಲ ನೋಡಿ ಮೇಡಂ."

ಬಡಗಿಯ ಮಗಳು ಕ್ಯಾಸೆಟ್ಟನ್ನು ಮತ್ತೆ ಹಿಂದಕ್ಕೆ ಓಡಿಸಿದಳು. ಹಳೆಯ ಯಂತ್ರ ಗೊರಗೊರ ಅಂದಿತು. ಪರದೆಯ ಕೆಳಭಾಗದಲ್ಲಿ ಬಿಳಿ ಗೆರೆಗಳು ಕುಣಿದವು, ಬಣ್ಣಗಳು ಒಂದರೊಳಗೊಂದು ಕಲಸಿಕೊಂಡವು. ಆಮೇಲೆ ಚಿತ್ರ ಒಲ್ಲದ ಮನಸ್ಸಿನಿಂದ ಹೊರಟಿತು.

ದೆವ್ವದ ಮನೆಯ ಅಂಗಳ, ನೀಲಿ ಬೆಳದಿಂಗಳು. ಕೈಯಲ್ಲಿ ದೀಪ ಹಿಡಿದ ಹುಡುಗಿ ನಿಧಾನವಾಗಿ ನಡೆದು ಬರುತ್ತಾಳೆ. ಅವಳ ತಲೆಗಿಂತ ಎಷ್ಟೋ ಮೇಲೆ, ಚಿತ್ರದ ತೀರಾ ತುದಿಯಲ್ಲಿ, ಮಹಡಿಯ ಅಂಚಿಗೆ ತಡೆಯಾಗಿ ಕಟ್ಟಿದ ಮರದ ಕಟಾಂಜನ. ಅದರ ನಡುವಿನ ಕಂಬದ ಮೇಲೆ ಕಪ್ಪಗೆ ಏನೋ ಒಂದು ಪಟಪಟ ಅಲುಗುತ್ತದೆ. ಪಕ್ಕದಿಂದ ಬೆಳ್ಳಗಿನದೊಂದು ಬಂದು ಅದನ್ನು ಮುಟ್ಟುತ್ತದೆ. ಸ್ವಲ್ಪ ಹೊತ್ತಿಗೆ ಕಂಬ ಬೋಳು.

ಮೂವತ್ತೊಂದು ವರ್ಷದ ಹಿಂದೆ, ಈ ದೃಶ್ಯ ಮುಗಿದು ಒಂದು ಗಂಟೆಯಾಗಿತ್ತೋ ಇಲ್ಲವೋ, ಇದೇ ಹುಡುಗಿ ಮಹಡಿಗೆ ಹತ್ತಿ ಅದೇ ಕಟಾಂಜನಕ್ಕೆ ಒರಗಿದಳು. ಅದು ಮುರಿದು ಅಂಗಳದ ಕಲ್ಲಿನ ಮೇಲೆ ಬಿದ್ದು ಸತ್ತಳು. ತಪ್ಪು ಬಡಗಿಯ ತಲೆಗೆ ಬಂತು.

ಮಾರನೆಯ ದಿನ ದೆವ್ವ ಆ ಕಟಾಂಜನವನ್ನು ಮುರಿಯುವ ದೃಶ್ಯವಿತ್ತು. ಅದಕ್ಕೆಂದು ಬಡಗಿ ಗಟ್ಟಿ ಮರ ತೆಗೆದು, ಬೆರಳು ಒತ್ತಿದರೆ ಮುರಿಯುವ ಹಗುರ ಮರ ಕೂರಿಸಿದ್ದ. ಸೆಟ್ಟು ಕಟ್ಟುವ ಬಡಗಿಗಳಲ್ಲಿ ಒಂದು ಪದ್ಧತಿ ಇದೆ. ಇಂಥ ಮೋಸದ ಮರ ಕೂರಿಸಿದ ಕಡೆ, ಕ್ಯಾಮೆರಾಕ್ಕೆ ಕಾಣದ ಜಾಗ ನೋಡಿ, ಒಂದು ಕೆಂಪು ಬಟ್ಟೆ ಕಟ್ಟುತ್ತಾರೆ. ಕೆಂಪು ಕಂಡರೆ ಯಾರೂ ಮುಟ್ಟುವುದಿಲ್ಲ, ಒರಗುವುದಿಲ್ಲ. ಕಟ್ಟಿದ್ದೆ ಅಂದ ಬಡಗಿ. ಪೊಲೀಸರು ಹೋಗಿ ನೋಡಿದಾಗ ಬಟ್ಟೆ ಇರಲಿಲ್ಲ.

"ಕಂಬಕ್ಕೆ ಯಾವುದೇ ಬಟ್ಟೆ ಕಟ್ಟಿದ್ದು ಕಂಡುಬಂದಿರುವುದಿಲ್ಲ." ಮಹಜರಿನ ಆ ಸಾಲು ದುಂಡಗಿನ ಅಕ್ಷರದಲ್ಲಿತ್ತು. ಬರೆದವರು ಆಗಿನ್ನೂ ಹೊಸದಾಗಿ ಸೇರಿದ್ದ ಪೇದೆ, ಈಗ ನಿವೃತ್ತ ಇನ್ಸ್‌ಪೆಕ್ಟರ್ ಆಗಿ ಬಡಗಿಯ ಮಗಳ ಕರೆಗೆ ಬಂದು ಇಲ್ಲಿ ಕುರ್ಚಿಯ ತುದಿಯಲ್ಲಿ ಕೂತಿರುವ ಕೆದಕಮ್ಮನೇ. ಆ ಒಂದು ಸಾಲಿಗೆ ಬಡಗಿ ಮೂರು ವರ್ಷ ಜೈಲಿನಲ್ಲಿದ್ದ. ಹೊರಗೆ ಬಂದ ಮೇಲೆ ಒಂದು ಸ್ಟೂಲು ಮಾಡಿಕೊಡು ಅಂತಲೂ ಯಾರೂ ಕೇಳಲಿಲ್ಲ.

"ನಿಮ್ಮಪ್ಪ ಕಟ್ಟಿದ್ದು ಕೆಂಪು ಬಟ್ಟೆ," ಅಂದರು ಕೆದಕಮ್ಮ. "ಇಲ್ಲಿ ಇರೋದು ಕರೀದು. ಇದನ್ನ ಯಾರಿಗಾದ್ರೂ ತೋರಿಸಿದ್ರೆ ನಗ್ತಾರೆ."

ಈ ಕಾಗೆಯ ಕಥೆಯೇ ಒಂದು ತಮಾಷೆ. ಥಿಯೇಟರಿನಲ್ಲಿ ನೋಡಿದವರಾರೂ ಕಾಗೆ ಕಂಡಿರಲಿಲ್ಲ. ಥಿಯೇಟರಿನಲ್ಲಿ ಚಿತ್ರದ ಮೇಲೂ ಕೆಳಗೂ ಕಪ್ಪು ಪಟ್ಟಿ ಮುಚ್ಚಿ, ನಡುವಿನ ಭಾಗವನ್ನಷ್ಟೇ ಬಿಡುತ್ತಾರೆ. ಮನೆಯಲ್ಲಿ ನೋಡಲು ಕ್ಯಾಸೆಟ್ಟು ಮಾಡಿದವನಿಗೆ ಆ ಗೊಡವೆಯೇ ಇರಲಿಲ್ಲ. ಪಟ್ಟಿ ಹಾಕದೆ, ಫಿಲ್ಮಿನ ಮೇಲಿದ್ದದ್ದನ್ನೆಲ್ಲ ಇಡಿಯಾಗಿ ಇಳಿಸಿಬಿಟ್ಟ. ಹಾಗಾಗಿ ಮನೆಮನೆಯಲ್ಲೂ ದೆವ್ವ ಕಿರುಚುವಾಗ ಮೇಲಿಂದ ಮೈಕು ಇಳಿಬೀಳುತ್ತಿತ್ತು, ನಾಯಕನ ಕಾಲಿನ ಹತ್ತಿರ ಯಾರದೋ ಟೀ ಲೋಟ ಇರುತ್ತಿತ್ತು, ಕಂಬದ ಮೇಲೆ ಕಾಗೆ ಕೂರುತ್ತಿತ್ತು. ದೆವ್ವವೇ ಕಾಗೆಯಾಗಿ ಕ್ಯಾಸೆಟ್ಟಿನೊಳಗೆ ಸೇರಿಕೊಂಡಿದೆ ಎಂದು ಒಂದು ಕಾಲಕ್ಕೆ ಹುಯಿಲೆದ್ದಿತ್ತು.

ಈಗ ಅದೇ ಚಿತ್ರವನ್ನು ತೊಳೆದು ಬಳಿದು ಹೊಸ ಡಿಸ್ಕಿಗೆ ಹಾಕುವ ಕೆಲಸ. ಆರು ತಿಂಗಳಿಂದ ಬಡಗಿಯ ಮಗಳು ಒಂದೊಂದೇ ಚಿತ್ರದ ಧೂಳು ತೆಗೆದು, ಗೀರು ಅಳಿಸಿ, ಬಣ್ಣ ಸರಿಮಾಡಿದ್ದಳು. ತಾನು ಯಾರ ಮಗಳೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಇವತ್ತು ನಾಲ್ಕು ಗಂಟೆಗೆ ಕೆಲಸ ಮುಗಿದು ಕಡತ ಹೊರಗೆ ಹೋಗುತ್ತದೆ. ಮೂಲ ಫಿಲ್ಮಿನ ಡಬ್ಬ ಅದರ ಒಡೆಯನ ಮನೆಗೆ ವಾಪಸ್ಸು. ಆ ಒಡೆಯ ಆ ಚಿತ್ರದ ಕ್ಯಾಮೆರಾ ಮೇಷ್ಟ್ರು. ನಿರ್ದೇಶಕರು ತೀರಿಹೋಗಿ ಎಷ್ಟೋ ವರ್ಷ; ಮೇಷ್ಟ್ರು ಮಾತ್ರ ಗಟ್ಟಿಯಾಗಿದ್ದರು. ಬರವಣಿಗೆಯಲ್ಲೇ ಕಟ್ಟಪ್ಪಣೆ ಮಾಡಿದ್ದರು: ಮೇಲೆ ಕೆಳಗೆ ಕಪ್ಪು ಪಟ್ಟಿ ಕಡ್ಡಾಯ, ಪಟ್ಟಿ ಇಲ್ಲದ ನಕಲನ್ನು ಯಾರೂ ಮಾಡಕೂಡದು, ಇಟ್ಟುಕೊಳ್ಳಕೂಡದು.

ಮೂಲ ಫಿಲ್ಮಿನಲ್ಲಿ ಆ ಕಾಗೆ ಏನೆಂದು ಸ್ಪಷ್ಟವಾಗಿ ಕಾಣುತ್ತದೆ. ಅದೇ ಫಿಲ್ಮಿನ ಡಬ್ಬಕ್ಕೆ ಮೊಹರು ಹಾಕಿ ಮೇಷ್ಟ್ರು ಕೂತುಬಿಟ್ಟಿದ್ದರು; ಬಡಗಿಯ ಮಗಳ ಕೈಗೆ ಬಂದದ್ದು ಪಟ್ಟಿ ಹಾಕಿ ಇಳಿಸಿದ ನಕಲಷ್ಟೇ.

ಕೆದಕಮ್ಮ ಕಣ್ಣುಜ್ಜಿಕೊಂಡರು. ಗೋಡೆ, ನೆಲ, ಮೇಜು ಎಲ್ಲಕ್ಕೂ ಬೂದಿ ಬಣ್ಣ ಬಳಿದ ಕೋಣೆ ಅದು. ಬಣ್ಣ ನೋಡುವ ಕಣ್ಣಿಗೆ ಬೇರೆ ಬಣ್ಣ ಅಡ್ಡ ಬರಬಾರದಂತೆ. ಬಾಗಿಲ ಬಳಿ ಬೆಂಕಿ ಆರಿಸುವ ಮರಳಿನ ಬಕೆಟ್ಟು ಮಾತ್ರ ಕೆಂಪಗಿತ್ತು. ಅದನ್ನು ಮುಚ್ಚಿಡಲು ಕಾನೂನು ಬಿಟ್ಟಿರಲಿಲ್ಲ.

"ಆವತ್ತು ಆ ಸೆಟ್ಟಲ್ಲಿ ನಾನೂ ಇದ್ದೆ ಗೊತ್ತಾ?" ಅಂದರು ಕೆದಕಮ್ಮ. ಸೋತಾಗ ಹಳೆಯ ಬಡಾಯಿ ನೆನಪಾಗುವುದು ಮನುಷ್ಯ ಸಹಜ. "ಬೆಳಿಗ್ಗೆ ಬಂದೋಬಸ್ತ್‌ಗೆ ಹಾಕಿದ್ರು. ಮೇಷ್ಟ್ರು ಕರೆದು, ಬಾಮ್ಮಾ ನೋಡು ಅಂತ ಕ್ಯಾಮೆರಾ ಒಳಗೆ ಇಣುಕಿಸಿದ್ರು. ನಮ್ಮ ಠಾಣೇಲಿ ಕ್ಯಾಮೆರಾ ಒಳಗೆ ಕಣ್ಣಿಟ್ಟವಳು ನಾನೊಬ್ಳೇ. ಎಲ್ಲಾ ನೀಲಿ ನೀಲಿ. ನಾನೇನೋ ಪೆದ್ದುಪೆದ್ದಾಗಿ ಅಂದೆ, ಇಡೀ ಸೆಟ್ಟು ಹೊಟ್ಟೆ ಹಿಡ್ಕೊಂಡು ನಕ್ಕಿತು."

"ಏನಂದ್ರಿ?"

"ಅದೇ ನೆನಪಿಗೆ ಬರ್ತಿಲ್ಲ ನೋಡು."

ಬಂದೋಬಸ್ತಿಗೆ ಆವತ್ತು ಹಾಕಿದ್ದು ಇಬ್ಬರನ್ನು. ಇನ್ನೊಬ್ಬ ಪೇದೆ ಆ ನಗುವಿನ ನಡುವೆ ನಗದೆ ನಿಂತಿದ್ದ. ಅದು ಕೆದಕಮ್ಮನ ಮನಸ್ಸಿಗೆ ಹಿಡಿಸಿತ್ತು. ವರ್ಷ ತುಂಬುವುದರೊಳಗೆ ಅವರಿಬ್ಬರ ಮದುವೆಯಾಯಿತು. ಎಲ್ಲವನ್ನೂ ಕೆದಕುವ ಅವರ ಚಾಳಿಗೆ ಕೆದಕಮ್ಮ ಅಂತ ಹೆಸರಿಟ್ಟವರೂ ಆ ಯಜಮಾನರೇ. ಈ ಭಾಗವನ್ನು ಅವರು ಬಡಗಿಯ ಮಗಳಿಗೆ ಹೇಳಲಿಲ್ಲ. ಗಂಡನ ಸುದ್ದಿ ಕೆಲಸದ ಜಾಗದಲ್ಲಿ ಎತ್ತಬಾರದೆಂಬುದು ಅವರ ಹಳೆಯ ನಿಯಮ.

ಆದರೆ ಬಡಗಿಯ ಮಗಳು ಎದ್ದು ನಿಂತಿದ್ದಳು.

"ನೀಲಿ ನೀಲಿ ಅಂದ್ರಾ? ಕ್ಯಾಮೆರಾ ಒಳಗೇ ನೀಲಿ ಇತ್ತಾ?"

"ಹೂಂ. ಹಾಡುಹಗಲಲ್ಲಿ ಬೆಳದಿಂಗಳು ಕಂಡ ಹಾಗೆ."

"ಆ ನೀಲಿ ಆಮೇಲೆ ಲ್ಯಾಬಲ್ಲಿ ಹಾಕಿದ್ದು ಅಂತ ನಾನು ತಿಳ್ಕೊಂಡಿದ್ದೆ ಮೇಡಂ. ಲೆನ್ಸಿನ ಮುಂದೇನೇ ಗಾಜು ಇಟ್ಟಿದ್ರಾ! ಹಗಲನ್ನ ರಾತ್ರಿ ಮಾಡೋಕೆ!"

ಅವಳು ಕಪಾಟಿನೊಳಗೆ ತಡಕಾಡಿ, ದೀಪಗಳಿಗೆ ಮುಚ್ಚುವ ಕಡುನೀಲಿ ಹಾಳೆಯ ತುಂಡೊಂದನ್ನು ತಂದಳು. ಎರಡು ಪದರ ಮಡಿಚಿ ಕೆದಕಮ್ಮನ ಕಣ್ಣ ಮುಂದೆ ಹಿಡಿದಳು.

"ಬಕೆಟ್ ನೋಡಿ."

ಕೆದಕಮ್ಮ ನೋಡಿದರು. ಗೋಡೆ ನೀಲಿಯಾಗಿತ್ತು. ಬಾಗಿಲು ನೀಲಿಯಾಗಿತ್ತು. ಕೆಂಪು ಬಕೆಟ್ಟು ಮಸಿ ಬಳಿದಂತೆ ಕಪ್ಪಗಿತ್ತು.

ಹಾಳೆ ಸರಿಸಿದರು. ಕೆಂಪು. ಮತ್ತೆ ಹಿಡಿದರು. ಕಪ್ಪು.

"ಕಟ್ಟಿದ್ದ," ಅಂದರು ಕೆದಕಮ್ಮ. "ನಿಮ್ಮಪ್ಪ ಕಟ್ಟಿದ್ದ ಕಣಮ್ಮ."

ಆ ಮಾತನ್ನು ಬೇರೆಯವರ ಬಾಯಲ್ಲಿ ಕೇಳಲು ಅವಳು ಹುಟ್ಟಿದಾಗಿನಿಂದ ಕಾದಿದ್ದಳು. ಅಳಲಿಲ್ಲ. ನೀಲಿ ಹಾಳೆಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದಳು.

ಅಷ್ಟರಲ್ಲಿ ಕೆದಕಮ್ಮನ ಕೈಚೀಲದೊಳಗೆ ಫೋನು ಗುರುಗುಟ್ಟಿತು. ಮನೆಯಿಂದ ಯಜಮಾನರು.

"ಸಕ್ಕರೆ ಡಬ್ಬ ಎಲ್ಲಿಟ್ಟಿದ್ದೀಯೇ?"

"ನಿನ್ನೆ ಎಲ್ಲಿತ್ತೋ ಅಲ್ಲೇ. ನಿಮ್ಮ ಮೂಗಿನ ಎದುರಿಗೆ."

"ಹಾಂ, ಸಿಕ್ತು." ಚಮಚ ಅಲ್ಲಾಡಿದ ಸದ್ದು. "ಅಲ್ಲೇನಾದ್ರೂ ಸಿಕ್ತಾ?"

"ಸಿಗೋ ಹಾಗಿದೆ."

ಚಮಚದ ಸದ್ದು ನಿಂತಿತು.

"ನನ್ನ ವಾಚಲ್ಲಿ ಮೂರಾಗ್ತಾ ಬಂತು," ಅಂದರು ಯಜಮಾನರು. "ಮನೆಗೆ ಬಾ. ಸತ್ತವಳು ಎದ್ದು ಬರ್ತಾಳಾ? ಆ ಕಥೆ ಕೆದಕಿ ಯಾರಿಗೇನು ಆಗ್ಬೇಕಿದೆ?"

ನಿವೃತ್ತರಾದ ಮೇಲೂ ಯಜಮಾನರ ವಾಚಿನ ಮೇಲಿನ ಭಕ್ತಿ ಕಡಿಮೆಯಾಗಿರಲಿಲ್ಲ. ಅದನ್ನು ಬಲಗೈಗೆ ಕಟ್ಟುವುದು, ಅದೂ ಮುಖ ಒಳಗೆ ಮಾಡಿ. ಲಾಠಿ ಬೀಸುವಾಗ ಗಾಜು ಒಡೆಯಬಾರದೆಂದು ಶುರುವಾದ ಅಭ್ಯಾಸ. ಗಂಟೆ ನೋಡಬೇಕಾದರೆ ಬೇಡುವವರ ಹಾಗೆ ಅಂಗೈ ಮೇಲೆ ಮಾಡಬೇಕು. ಕೆದಕಮ್ಮ ಅದನ್ನು ಆಡಿಕೊಳ್ಳದ ದಿನವಿರಲಿಲ್ಲ. ಇವತ್ತು ಆಡಿಕೊಳ್ಳಲು ಹೊತ್ತಿರಲಿಲ್ಲ.

"ಆಮೇಲೆ ಮಾಡ್ತೀನಿ," ಎಂದು ಫೋನು ಇಟ್ಟರು.

ಹೊರಗೆ ಮೆಟ್ಟಿಲ ಮೇಲೆ ಕೋಲು ಟಕ್ ಟಕ್ ಅಂದಿತು.

*

ಕ್ಯಾಮೆರಾ ಮೇಷ್ಟ್ರಿಗೆ ಎಪ್ಪತ್ತೈದು ದಾಟಿತ್ತು. ಬಂದವರೇ ಯಾರತ್ತಲೂ ನೋಡದೆ ಪರದೆಯ ಎದುರಿನ ಕುರ್ಚಿಯಲ್ಲಿ ಕೂತರು. ಕೆದಕಮ್ಮ ಹಿಂದಿನ ಮೂಲೆಯಲ್ಲಿ ಕತ್ತಲಿಗೆ ಸರಿದು ಕೂತಿದ್ದರು.

"ಕೊನೇ ರೀಲು ಹಾಕಮ್ಮ."

ಹೊಸದಾಗಿ ತೊಳೆದ ಚಿತ್ರ ಪರದೆಯ ಮೇಲೆ ಬಂತು. ಮೇಲೆ ಕೆಳಗೆ ಕಪ್ಪು ಪಟ್ಟಿ. ನಡುವೆ ಅದೇ ಅಂಗಳ, ಅದೇ ಹುಡುಗಿ. ಆದರೆ ಕ್ಯಾಸೆಟ್ಟಿನಲ್ಲಿ ಬರೀ ಕಪ್ಪಾಗಿದ್ದ ಜಾಗದಲ್ಲಿ ಈಗ ಬಾಗಿಲಿತ್ತು, ಬಾಗಿಲಾಚೆ ಇನ್ನೊಂದು ಕತ್ತಲಿತ್ತು, ಅದರಾಚೆ ಯಾರೋ ಉಸಿರು ಹಿಡಿದು ನಿಂತಿರುವಂತಿತ್ತು. ಹುಡುಗಿಯ ಕೆನ್ನೆಯ ಮೇಲೆ ದೀಪದ ಬೆಳಕು ನಡುಗುತ್ತಿತ್ತು.

ಮೇಷ್ಟ್ರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಕ್ಯಾಸೆಟ್ಟಿನವರು ನನ್ನ ಕತ್ತಲನ್ನ ಕೆಸರು ಮಾಡಿಬಿಟ್ಟಿದ್ರು," ಅಂದರು ಕೊನೆಗೆ. "ನೀನು ಅದನ್ನ ಮತ್ತೆ ಕತ್ತಲೆ ಮಾಡಿದ್ದೀಯಾ. ಚೆನ್ನಾಗಿದೆ ಮಗಳೇ. ಎಲ್ಲಿ ಸಹಿ ಹಾಕ್ಬೇಕು?"

"ಒಂದು ನಿಮಿಷ ಮೇಷ್ಟ್ರೇ," ಅಂದರು ಕೆದಕಮ್ಮ ಮೂಲೆಯಿಂದ.

ಮೇಷ್ಟ್ರು ತಿರುಗಿದರು. ಮೂವತ್ತೊಂದು ವರ್ಷ ಮುಖವನ್ನು ಎಷ್ಟು ಬದಲಾಯಿಸಿದರೂ ಕ್ಯಾಮೆರಾದವರ ಕಣ್ಣು ಮೋಸಹೋಗುವುದಿಲ್ಲ. ಅವರ ಕೈಯಿಂದ ಪೆನ್ನು ಜಾರಿ ಮೇಜಿನ ಮೇಲೆ ಉರುಳಿತು.

"ನೀವಾ?"

"ನಾನೇ. ಎರಡು ಮಾತು ಕೇಳೋದಿತ್ತು. ಆ ಪಟ್ಟಿ ಯಾಕೆ ಅಷ್ಟು ಕಡ್ಡಾಯ?"

"ಚೌಕಟ್ಟು ನನ್ನದು. ನಾನು ಎಷ್ಟು ತೋರಿಸ್ಬೇಕು ಅಂದುಕೊಂಡಿದ್ದೆನೋ ಅಷ್ಟೇ ಜನ ನೋಡ್ಬೇಕು."

"ನಕಲೂ ಇಟ್ಕೋಬಾರ್ದು ಅಂದ್ರಂತೆ."

"ಅದು ನನ್ನಿಷ್ಟ."

"ಕಂಬದ ಮೇಲೆ ಏನಿತ್ತು?"

"ಏನೂ ಇರ್ಲಿಲ್ಲ."

"ಕ್ಯಾಸೆಟ್ಟಲ್ಲಿ ಇದೆಯಲ್ಲ."

"ಕ್ಯಾಸೆಟ್ಟಲ್ಲಿ ದೆವ್ವಾನೂ ಇದೆ," ಅಂದರು ಮೇಷ್ಟ್ರು. ನಗಲು ನೋಡಿದರು, ಬರಲಿಲ್ಲ.

ಕೆದಕಮ್ಮ ಎದ್ದು ಬಂದು ನೀಲಿ ಹಾಳೆಯನ್ನು ಅವರ ಎದುರಿಗಿಟ್ಟರು. "ನೀಲಿ ಗಾಜಿನಲ್ಲಿ ಕೆಂಪು ಹೇಗೆ ಕಾಣುತ್ತೆ ಅಂತ ನಿಮಗೆ ನಾನು ಹೇಳಿಕೊಡೋದು ಬೇಡ. ಆ ಬಟ್ಟೆ ಅಲ್ಲಿತ್ತು. ನೀವು ನೋಡಿದ್ರಿ. ಯಾರೋ ಅದನ್ನ ಬಿಚ್ಚಿದ್ರು. ಅದನ್ನೂ ನೋಡಿದ್ರಿ. ಕೋರ್ಟಲ್ಲಿ ನಿಂತು ಬಡಗಿ ಏನೂ ಕಟ್ಟಿರ್ಲಿಲ್ಲ ಅಂದ್ರಿ."

"ನಂಗೆ ಹುಷಾರಿಲ್ಲ. ಸಹಿ ಹಾಕಿ ಹೋಗ್ತೀನಿ."

ಕೋಲಿಗೆ ಕೈ ಹಾಕಿದರು. ಬಡಗಿಯ ಮಗಳು ಬಾಗಿಲಿಗೆ ಅಡ್ಡ ನಿಂತಳು. ಅವಳ ಧ್ವನಿ ಏರಲಿಲ್ಲ.

"ಸರ್, ನಾನು ಆ ಬಡಗಿಯ ಮಗಳು."

ಮೇಷ್ಟ್ರು ನಿಂತಲ್ಲೇ ನಿಂತರು.

"ಅಪ್ಪ ಜೈಲಿಗೆ ಹೋದಾಗ ನಾನು ಅಮ್ಮನ ಹೊಟ್ಟೇಲಿದ್ದೆ. ಬಂದಾಗಿನಿಂದ ಒಂದೇ ಮಾತು ಸರ್ ಅವರ ಬಾಯಲ್ಲಿ. ಕಟ್ಟಿದ್ದೆ, ಎರಡು ಗಂಟು ಹಾಕಿ ಕಟ್ಟಿದ್ದೆ. ಅಮ್ಮ ಸಾಯೋವರೆಗೂ ಕೇಳಿದ್ಲು, ಹೂಂ ಅಂದ್ಲು. ನಂಬಿದ್ಲೋ ಇಲ್ವೋ ಗೊತ್ತಿಲ್ಲ. ನಾನೂ ಒಂದೊಂದು ದಿನ ನಂಬ್ತಿದ್ದೆ, ಒಂದೊಂದು ದಿನ ಇಲ್ಲ. ಈಗ ಅವರಿಗೆ ಕಣ್ಣು ಹೋಗ್ತಿದೆ. ಇನ್ನೊಂದು ತಿಂಗಳು ಕಳೆದ್ರೆ ಏನೂ ಕಾಣಲ್ಲ ಅಂದಿದ್ದಾರೆ ಡಾಕ್ಟ್ರು. ಅಷ್ಟರೊಳಗೆ ಆ ಬಟ್ಟೇನ ಅವರ ಕಣ್ಣಿಗೆ ತೋರಿಸ್ಬೇಕು ಸರ್. ನಂಗೆ ಇನ್ನೇನೂ ಬೇಡ."

ಮೇಷ್ಟ್ರು ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು. ಬೆರಳುಗಳಿಂದ ಗಾಳಿಯಲ್ಲಿ ಒಂದು ಚೌಕ ಮಾಡಿ, ಅದರೊಳಗಿಂದ ಅವಳ ಮುಖ ನೋಡಿದರು. ಹಳೆಯ ಅಭ್ಯಾಸವಿರಬೇಕು.

"ಅವನ ಹಣೆನೇ ನಿನ್ನದು. ಆರು ತಿಂಗಳಿಂದ ಎದುರಿಗಿದ್ದೀಯಾ, ನಂಗೆ ಹೊಳೀಲಿಲ್ಲ."

ಆಮೇಲೆ ಕೆದಕಮ್ಮನ ಕಡೆ ತಿರುಗಿ, ಯಾರೂ ಎಣಿಸದ ಮಾತೊಂದನ್ನು ಕೇಳಿದರು.

"ನನ್ನನ್ನ ಪರೀಕ್ಷೆ ಮಾಡೋಕೆ ಬಂದಿದ್ದೀರಾ?"

"ಏನಂದ್ರಿ?"

"ಬಾಯಿ ಬಿಡ್ತೀನೋ ಇಲ್ವೋ ಅಂತ. ನಾನು ಎಲ್ಲೂ ಬಿಟ್ಟಿಲ್ಲ. ಹೆಂಡತಿ ಮಕ್ಕಳ ಹತ್ರಾನೂ ಹೇಳಿಲ್ಲ. ಈ ಪಟ್ಟಿ ಹಾಕಿಸಿದ್ದೂ ನಿಮ್ಮವರಿಗೆ ಹೆದರಿಯೇ."

"ಯಾರ್ರೀ ನಮ್ಮವರು? ನೀವು ಹೆದರಿದ್ದು ಯಾರಿಗೆ?"

"ನಿಮಗೇ!"

ಕೆದಕಮ್ಮ ತಮ್ಮ ಮೂವತ್ತು ವರ್ಷದ ನೌಕರಿಯಲ್ಲಿ ಎಂಥೆಂಥ ಉತ್ತರಗಳನ್ನೋ ಕೇಳಿದ್ದರು. ಇಂಥದ್ದು ಇದೇ ಮೊದಲು.

"ನೀವು ಕ್ಯಾಮೆರಾ ಒಳಗೆ ಇಣುಕಿದ್ದು ನೆನಪಿದೆಯಾ?" ಅಂದರು ಮೇಷ್ಟ್ರು.

"ಇದೆ."

"ಇಣುಕಿ ಏನಂದ್ರಿ?"

"ನೆನಪಿಲ್ಲ. ಎಲ್ಲಾ ನಕ್ಕಿದ್ರು."

"'ಅಯ್ಯೋ, ಕಂಬದ ಮೇಲೆ ಕಾಗೆ ಕೂತಿದೆ, ಓಡಿಸ್ರೋ' ಅಂದ್ರಿ."

ಕೆದಕಮ್ಮನಿಗೆ ಬೆಳಗಿನಿಂದ ಆ ಕಪ್ಪು ಚುಕ್ಕಿಯನ್ನು ನೋಡಿದಾಗೆಲ್ಲ ಕಾಗೆ ಕಾಗೆ ಎಂದು ತಾವೇಕೆ ಅಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದರು ಎಂಬುದು ಈಗ ತಿಳಿಯಿತು. ಅದು ಮೂವತ್ತೊಂದು ವರ್ಷದ ಹಿಂದೆ ತಾವೇ ಆಡಿದ ಮಾತು.

"ನಾವು ನಕ್ಕಿದ್ದು ಯಾಕೆ ಗೊತ್ತಾ? ಕ್ಯಾಮೆರಾ ಒಳಗೆ ನಾಲ್ಕು ಗೆರೆ ಇರುತ್ತೆ. ಆ ಗೆರೆಗಳ ಒಳಗಿರೋದಷ್ಟೇ ಚಿತ್ರ. ಗೆರೆಯಾಚೆ ಇರೋದು ನಮ್ಮ ಕಸುಬಿನವರ ಪಾಲಿಗೆ ಇಲ್ಲವೇ ಇಲ್ಲ. ಹೊಸಬರಿಗೆ ಮಾತ್ರ ಅದೆಲ್ಲ ಕಾಣುತ್ತೆ. ಅದಕ್ಕೇ ನಕ್ವಿ. ನಕ್ಕು ಟೇಕ್ ಶುರು ಮಾಡಿದ್ವಿ. ಅಷ್ಟರಲ್ಲಿ ಒಬ್ಬ ನಿಜವಾಗ್ಲೂ ಕಾಗೆ ಓಡಿಸೋಕೆ ಮೇಲೆ ಹೋದ. ಕೈ ಬಂತು, ಬಟ್ಟೆ ಬಿಚ್ಚಿತು. ನಾನು ಕಣ್ಣಾರೆ ನೋಡ್ದೆ. ಗೆರೆಯಾಚೆ ತಾನೇ, ಚಿತ್ರಕ್ಕೆ ತೊಂದ್ರೆ ಇಲ್ಲ ಅಂತ ಕ್ಯಾಮೆರಾ ಓಡಿಸ್ತಾನೇ ಇದ್ದೆ. ಥೂ, ನನ್ನ ಕಸುಬಿಗಿಷ್ಟು." ಅವರು ಕೋಲನ್ನು ನೆಲಕ್ಕೆ ಕುಟ್ಟಿದರು. "ಆಗಲೇ ಕೂಗಿದ್ರೆ ಆ ಹುಡುಗಿ ಇವತ್ತು ಮೊಮ್ಮಕ್ಕಳನ್ನ ಆಡಿಸ್ತಿದ್ಲು."

"ಮೇಲೆ ಹೋದವರು ಯಾರು?" ಕೆದಕಮ್ಮನ ಧ್ವನಿ ಅವರಿಗೇ ಗುರುತು ಸಿಗಲಿಲ್ಲ.

ಮೇಷ್ಟ್ರು ಪರದೆಯತ್ತ ಬೊಟ್ಟು ಮಾಡಿ ಬಡಗಿಯ ಮಗಳಿಗೆ ಹೇಳಿದರು: "ಪಟ್ಟಿ ತೆಗಿ ಮಗಳೇ. ಡಬ್ಬ ಇಲ್ಲೇ ಇದೆ. ಮೊಹರು ಒಡೆದು ಇಡಿಯಾಗಿ ತೋರಿಸು."

ಗೋಡೆಯ ಗಡಿಯಾರದಲ್ಲಿ ಮೂರು ಮೂವತ್ತೈದು.

ಅವಳು ಬಿಳಿ ಕೈಗವಸು ತೊಟ್ಟಳು. ರೀಲನ್ನು ಯಂತ್ರಕ್ಕೆ ಏರಿಸಿ, ತುದಿಯನ್ನು ಹಲ್ಲುಗಳ ಮೇಲೆ ಕೂರಿಸಿ, ಮುಂದಕ್ಕೆ ಬಿಟ್ಟಳು. ಒಂದು ಸಲ ತಪ್ಪಿ ಮತ್ತೆ ಕೂರಿಸಿದಳು. ಪರದೆಯ ಮೇಲಿನ ಕಪ್ಪು ಪಟ್ಟಿ ಸರಿಯಿತು.

ಕಟಾಂಜನ ಬಂತು. ಮರದ ಎಳೆ ಎಳೆಯೂ ಕಂಡಿತು. ನಡುಗಂಬದ ಮೇಲೆ ಬಟ್ಟೆ, ಬಟ್ಟೆಯ ಹರಿದ ಅಂಚು, ಅದರ ಬುಡದಲ್ಲಿ ಗಂಟು.

"ಎರಡು ಗಂಟು," ಅಂದಳು ಅವಳು. ಅಷ್ಟೇ ಅಂದಳು. ಕಣ್ಣಿಂದ ನೀರು ಇಳಿದು ಕೈಗವಸಿನ ಮೇಲೆ ಬಿತ್ತು.

ಅವಳು ಒಂದೊಂದೇ ಚಿತ್ರವಾಗಿ ಮುಂದಕ್ಕೆ ಸರಿಸಿದಳು. ಪಕ್ಕದಿಂದ ಕೈ ಬಂತು. ಮೊದಲು ಹಕ್ಕಿ ಓಡಿಸುವಂತೆ ಬೀಸಿತು. ಬೀಸಿದ್ದು ಅರ್ಧಕ್ಕೇ ನಿಂತಿತು. ಬೆರಳುಗಳು ಬಟ್ಟೆಯನ್ನು ಮುಟ್ಟಿ ನೋಡಿದವು. ಅಲ್ಲಿಗೆ ಕಾಗೆ ಅಲ್ಲವೆಂದು ಆ ಕೈಗೆ ಗೊತ್ತಾಗಿತ್ತು. ಆದರೂ ಹಿಂದೆ ಹೋಗಲಿಲ್ಲ. ಒಂದು ಗಂಟು ಬಿಚ್ಚಿತು. ತಡೆಯಿತು. ಎರಡನೆಯದನ್ನೂ ಬಿಚ್ಚಿತು.

"ತೋಳು ನೋಡಿ ಮೇಡಂ," ಅಂದಳು ಅವಳು. "ಇದು ಯೂನಿಫಾರಂ ಅಲ್ವಾ?"

"ಈಗ ಗೊತ್ತಾಯ್ತಾ?" ಅಂದರು ಮೇಷ್ಟ್ರು. "ಪೊಲೀಸಿನವರ ಕೈ ಅಂತ ಹೇಳೋಕೆ ನಾನು ಪೊಲೀಸ್ ಠಾಣೆಗೇ ಹೋಗ್ಬೇಕಿತ್ತಾ? ಕಾಗೆ ಅಂದಿದ್ದು ನೀವು. ಬಟ್ಟೆ ಇರ್ಲಿಲ್ಲ ಅಂತ ಬರೆದಿದ್ದೂ ನೀವು. ಸೇರಿಕೊಂಡೇ ಮಾಡಿದ್ದಾರೆ ಅಂದುಕೊಂಡೆ. ನಿಮಗೆ ಗೊತ್ತಿರ್ಲಿಲ್ಲ ಅಂತ ಇವತ್ತು ನಿಮ್ಮ ಮುಖ ನೋಡಿದ ಮೇಲೆ ತಿಳೀತು. ಮುಖ ಕಾಣಲ್ಲ ಅಲ್ಲಿ, ಬರೀ ಕೈ. ಇಬ್ಬರು ಪೇದೆ ಇದ್ರು ಆವತ್ತು. ಇನ್ನೊಬ್ಬ ಯಾರು ಅಂತ ನನಗಿಂತ ನಿಮಗೇ ಗೊತ್ತು."

ಕೆದಕಮ್ಮನಿಗೆ ಮುಖ ಬೇಕಿರಲಿಲ್ಲ.

ಗಂಟು ಬಿಚ್ಚುವಾಗ ಆ ಬಲಗೈ ಅಂಗೈ ಮೇಲಾಗಿ ತಿರುಗಿತ್ತು. ಮಣಿಕಟ್ಟಿನ ಒಳಭಾಗದಲ್ಲಿ ದುಂಡಗೆ ಒಂದು ವಾಚು ಮಿಂಚುತ್ತಿತ್ತು.

ಮಹಜರು ಬರೆಯುವಾಗ ಯಾರೋ ಬೆನ್ನ ಹಿಂದೆ ನಿಂತು ಲಾಟೀನಿನಂತೆ ಟಾರ್ಚು ಹಿಡಿದಿದ್ದರು. ಮಹಡಿಯ ಒಳಗೆ ಬೆಳಕು ಸಾಲದು ಎಂದು. ಆ ಬೆಳಕಿನಲ್ಲಿ, ಆ ಕೈ ಹಿಡಿದ ಬೆಳಕಿನಲ್ಲಿ, ಕೆದಕಮ್ಮ ದುಂಡಗೆ ಬರೆದಿದ್ದರು: ಯಾವುದೇ ಬಟ್ಟೆ ಕಂಡುಬಂದಿರುವುದಿಲ್ಲ. ಯಜಮಾನರು ತುಟಿಪಿಟಕ್ಕೆನ್ನದೆ ಬೆಳಕು ಹಿಡಿದೇ ಇದ್ದರು. ಆಮೇಲೆ ಮೂವತ್ತು ವರ್ಷ ಒಂದೇ ಮನೆಯಲ್ಲಿ, ಒಂದೇ ಮೇಜಿನ ಎರಡು ಕಡೆ.

"ಯಾರು ಮೇಡಂ?" ಬಡಗಿಯ ಮಗಳು ಅವರ ತೋಳು ಹಿಡಿದಿದ್ದಳು. "ನಿಮ್ಮ ಜೊತೆ ಇದ್ದವರು ಯಾರು? ಈಗ ಬದುಕಿದ್ದಾರಾ?"

ಇಲ್ಲ ಅನ್ನಬಹುದಿತ್ತು. ನೆನಪಿಲ್ಲ ಅನ್ನಬಹುದಿತ್ತು. ಇನ್ನು ಇಪ್ಪತ್ತು ನಿಮಿಷ ಹೇಗಾದರೂ ಕಳೆದರೆ ಡಬ್ಬ ಮುಚ್ಚಿಕೊಂಡು ಮೇಷ್ಟ್ರ ಮನೆಗೆ ಹೋಗುತ್ತಿತ್ತು. ಕೆದಕಮ್ಮನ ಮನಸ್ಸಿಗೆ ಅದು ಬಾರದೇ ಇರಲಿಲ್ಲ. ಬಂತು, ಒಂದು ಗಳಿಗೆ ನಿಂತಿತು. ಅವರಿಗೆ ನಾಚಿಕೆಯಾಯಿತು.

"ಎರಡು ನಕಲು ತೆಗಿ," ಅಂದರು. "ಪಟ್ಟಿ ಇಲ್ಲದ್ದು. ಒಂದು ತಗೊಂಡು ಈಗಲೇ ಮನೆಗೆ ಹೋಗು. ನಿಮ್ಮಪ್ಪನ ಕಣ್ಣಿಗೆ ಆ ಎರಡು ಗಂಟು ತೋರಿಸು. ಮಹಜರು ಬರೆದವಳು ತಪ್ಪಾಯ್ತು ಅಂದ್ಲು ಅಂತ ಹೇಳು. ನಾನೂ ಬಂದು ಹೇಳ್ತೀನಿ. ಇನ್ನೊಂದು ನನ್ನ ಕೈಗೆ ಕೊಡು."

"ಯಾರು ಅಂತ ಹೇಳ್ಲಿಲ್ಲ ನೀವು."

ಕೈಚೀಲದೊಳಗೆ ಫೋನು ಗುರುಗುಟ್ಟಿತು.

ಕೆದಕಮ್ಮ ಅದನ್ನು ಹೊರಗೆ ತೆಗೆದು, ಬಡಗಿಯ ಮಗಳಿಗೆ ಕಾಣುವಂತೆ ಮೇಜಿನ ಮೇಲಿಟ್ಟರು. ಫೋನಿನ ಮೇಲೆ 'ಯಜಮಾನ್ರು' ಎಂದಿತ್ತು. ಅವಳು ಹೆಸರು ಓದಿದಳು, ಪರದೆಯ ಮೇಲೆ ನಿಂತಿದ್ದ ಕೈ ನೋಡಿದಳು, ಕೆದಕಮ್ಮನ ಮುಖ ನೋಡಿದಳು. ಮೆಲ್ಲಗೆ ಅವರ ತೋಳು ಬಿಟ್ಟಳು.

ಕೆದಕಮ್ಮ ಸ್ಪೀಕರಿನ ಗುಂಡಿ ಒತ್ತಿದರು.

"ಇನ್ನೂ ಹೊರಟಿಲ್ವೇನೇ?" ಯಜಮಾನರ ಧ್ವನಿ ಎಂದಿನಂತೆಯೇ ಇತ್ತು. "ನಿಂಗೂ ಸೇರಿಸಿ ಕಾಫಿಗೆ ಇಟ್ಟಿದ್ದೀನಿ."

"ಒಂದು ಮಾತು ಕೇಳ್ತೀನಿ, ಹೇಳ್ತೀರಾ?"

"ಕೇಳು."

"ಆವತ್ತು ನಾನು ಓಡಿಸಿ ಅಂದೆ ಅಂತ ಮೇಲೆ ಹೋದ್ರಲ್ಲ. ಕಾಗೆ ಇತ್ತಾ ಅಲ್ಲಿ?"

ಆ ಕಡೆ ಏನೋ ಕುದಿಯುವ ಸದ್ದು ಕೇಳುತ್ತಿತ್ತು. ಒಲೆಯ ಗುಂಡಿ ಟಕ್ಕೆಂದಿತು. ಕುದಿಯುವುದು ನಿಧಾನವಾಗಿ ನಿಂತಿತು. ಕೆದಕಮ್ಮ ಕಾದರು.

ಕೊನೆಗೆ ಯಜಮಾನರು ಮಾತಾಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಧ್ವನಿಯನ್ನು ಕೆದಕಮ್ಮ ಒಮ್ಮೆಯೂ ಕೇಳಿರಲಿಲ್ಲ.

"ನೀನೊಬ್ಳೇ ಇದ್ದೀಯಾ? ಇಲ್ಲಾ ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"